ಮಾದರಿ ಮನೆ, ಮೊದಲ ಮಹಡಿ

ನಾನು ಕೆಲಸ ಮಾಡುವ ಸಂಸ್ಥೆ ಜೆ.ಪಿ. ನಗರದಲ್ಲಿದೆ. ಜನ ಕರೆಂಟನ್ನು ಹೇಗೆ ಕಡಿಮೆ ಬಳಸಬೇಕು ಎಂದು ನಾವು ವರದಿ ಬರೆಯುತ್ತೇವೆ. ಆ ವರದಿಗಳನ್ನು ಯಾರು ಓದುತ್ತಾರೆ ಎಂಬುದರ ಮೇಲೆ ಇದುವರೆಗೂ ಯಾರೂ ವರದಿ ಬರೆದಿಲ್ಲ. ಓದುವವರು ಇರಲಿ ಬಿಡಲಿ, ಪ್ರತಿಯೊಂದರ ಕೊನೆಗೂ 'ಈ ದಿಕ್ಕಿನಲ್ಲಿ ಇನ್ನಷ್ಟು ಸಂಶೋಧನೆಯ ಅಗತ್ಯವಿದೆ' ಎಂದು ತಪ್ಪದೆ ಬರೆಯುತ್ತೇವೆ. ಆ ಅಗತ್ಯದಿಂದಲೇ ನಮ್ಮೆಲ್ಲರ ಮನೆಯ ಒಲೆ ಉರಿಯುತ್ತಿದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ನನ್ನ ಅತ್ತೆಗೆ ವಿವರಿಸಿದ್ದೆ. ಅವರು ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಎದ್ದು ಹೋಗೋವಾಗ ದೀಪ ಆರ್ಸಿ ಅಂತ ಹೇಳೋದಕ್ಕೆ ಆಫೀಸು, ಸಂಬಳ ಎಲ್ಲಾ ಕೊಡ್ತಾರಾ? ನಾನು ಐವತ್ತು ವರ್ಷದಿಂದ ಬಿಟ್ಟಿ ಹೇಳ್ತಿದೀನಲ್ಲೇ."



ನಮ್ಮದು ಜಯನಗರದ ಹಳೆಯ ಮನೆ. ಕೆಳಗೆ ಅತ್ತೆ, ಮೇಲೆ ನಾನು, ಗಂಡ ಮತ್ತು ಮಗಳು. ರಾತ್ರಿಯ ಊಟ ಎಲ್ಲರಿಗೂ ಮೇಲೆಯೇ. ಗೇಟು ಒಂದು, ಮೀಟರು ಎರಡು. ಮೇಲಿನ ಮೀಟರು ಓಡುತ್ತದೆ, ಕೆಳಗಿನದು ಕೂತಿರುತ್ತದೆ. ಅತ್ತೆ ಕುಕ್ಕರನ್ನು ಎರಡನೇ ಸೀಟಿಗೇ ಆರಿಸಿ, ಮೇಲೊಂದು ಹಳೆಯ ಟವೆಲ್ ಸುತ್ತಿ ಬೇಳೆಯನ್ನು ಅದರ ಬಿಸಿಯಲ್ಲೇ ಬೇಯಲು ಬಿಡುತ್ತಾರೆ. ಸೀರೆಗಳನ್ನು ಮಡಿಸಿ ಹಾಸಿಗೆಯ ಅಡಿಗಿಟ್ಟು ಇಸ್ತ್ರಿ ಮಾಡಿಕೊಳ್ಳುತ್ತಾರೆ. ಸಂಜೆ ಸಹಸ್ರನಾಮ ಹೇಳುವಾಗ ದೇವರ ಮುಂದಿನ ದೀಪ ಬಿಟ್ಟು ಮನೆಯಲ್ಲಿ ಇನ್ನೊಂದು ಬೆಳಕಿರುವುದಿಲ್ಲ. "ಬಾಯಿಪಾಠ ಬರುತ್ತೆ. ಕಣ್ಣು ಮುಚ್ಚಿ ಹೇಳೋದಕ್ಕೆ ಟ್ಯೂಬ್‌ಲೈಟ್ ಯಾಕೆ?" ಎನ್ನುತ್ತಾರೆ. ಟಿವಿ ಧಾರಾವಾಹಿಯನ್ನು ಮೆಟ್ಟಿಲ ಬಳಿ ಕೂತು ನಮ್ಮ ಟಿವಿಯ ಸದ್ದಿನಲ್ಲಿ ಕೇಳುತ್ತಾರೆ. ಮುಖ ನೋಡದಿದ್ದರೂ ಯಾವ ಸೊಸೆ ಯಾರಿಗೆ ವಿಷ ಹಾಕಿದಳೆಂದು ನಮಗಿಂತ ಚೆನ್ನಾಗಿ ಗೊತ್ತು. ಸರ್ಕಾರ ಕರೆಂಟನ್ನು ಪುಕ್ಕಟೆ ಮಾಡಿದ ಮೇಲೂ ಅವರು ಬದಲಾಗಲಿಲ್ಲ. "ದುಡ್ಡು ಯಾರಾದ್ರೂ ಕೊಡ್ಲಿ, ಉರಿಯೋದು ಉರಿಯೋದೇ ಅಲ್ವಾ?" ಎಂದರು. ಈ ಒಂದು ಮಾತನ್ನು ನಮ್ಮ ಸಂಸ್ಥೆಯಲ್ಲಿ ಹೇಳಬೇಕಾದರೆ ಕಡೇ ಪಕ್ಷ ನಲವತ್ತು ಸ್ಲೈಡ್ ಬೇಕು.

ಇಷ್ಟಕ್ಕೆಲ್ಲ ಅತ್ತೆಗೆ ಸಿಕ್ಕಿದ್ದ ಬಿರುದು ಒಂದೇ, ಜಿಪುಣಿ. ಬಿರುದು ಕೊಟ್ಟವರು ಬನಶಂಕರಿಯಲ್ಲಿರುವ ಅವರ ಓರಗಿತ್ತಿ, ನಮಗೆ ಚಿಕ್ಕತ್ತೆ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಚಿಕ್ಕತ್ತೆ ನಾಲ್ಕು ಎಲೆಗೆ ಕೇಳುವಂತೆ, "ನಮ್ಮಕ್ಕನ ಮನೇಲಿ ಕತ್ತಲೇನೂ ಅಳೆದು ಕೊಡ್ತಾರೆ" ಎಂದಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅತ್ತೆ ಎಲೆಯಲ್ಲಿದ್ದ ಹೋಳಿಗೆಯನ್ನು ತುಪ್ಪ ಹಾಕಿಸಿಕೊಳ್ಳದೆ ತಿಂದು ಎದ್ದರು. ಆ ಮಾತು ಅವರಿಗೆ ಎಲ್ಲಿ ನಾಟಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಹೀಗಿರುವಾಗ ನಮ್ಮ ಸಂಸ್ಥೆಗೆ ಒಂದು ಯೋಜನೆ ಬಂತು. ನಮ್ಮ ಜಯನಗರದ ಕೆಲವು ಬೀದಿಗಳ ಮನೆಗಳಲ್ಲಿ ಒಂದು ತಿಂಗಳು ಉಳಿತಾಯದ ಸ್ಪರ್ಧೆ ನಡೆಸುವುದು. ಚೆನ್ನಾಗಿ ಉಳಿಸಿದ ಮನೆಯ ಗೇಟಿಗೆ 'ಮಾದರಿ ಮನೆ' ಎಂಬ ಹಸಿರು ಬೋರ್ಡು. ಉಳಿಸದವರಿಗೆ ಜಾಗೃತಿ ತರಬೇತಿ. ಯಾರು ಎಷ್ಟು ಉಳಿಸಿದರೆಂದು ಅಳೆಯುವ ಸೂತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಬರೆದ ಸೂತ್ರ ಬಹಳ ಸರಳ. ಮಾರ್ಚ್ ತಿಂಗಳಲ್ಲಿ ಸುಟ್ಟದ್ದೆಷ್ಟು, ಏಪ್ರಿಲ್‌ನಲ್ಲಿ ಸುಟ್ಟದ್ದೆಷ್ಟು, ಎಷ್ಟು ಪಾಲು ಇಳಿಯಿತು. ಇಳಿದಷ್ಟೂ ಪುಣ್ಯ. ಮೊದಲು ಧಾರಾಳವಾಗಿ ಸುಟ್ಟವನಿಗೆ ಇಳಿಯಲು ಜಾಗವಿರುತ್ತದೆ, ನೆಲದ ಮೇಲೆ ಕೂತವನು ಇನ್ನೆಲ್ಲಿಗೆ ಇಳಿಯಬೇಕು ಎಂಬ ಪ್ರಶ್ನೆ ನನಗೆ ಬರಲೇ ಇಲ್ಲ. ನಿರ್ದೇಶಕರು ನೋಡಿ, "ಸಖತ್ ಆಗಿದೆ. ಎಷ್ಟು ಸಿಂಪಲ್ ಅಂದ್ರೆ ಮೇಲಿನೋರಿಗೂ ಅರ್ಥ ಆಗುತ್ತೆ" ಎಂದರು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲೇ ಇನ್ನೊಂದು ನಿಯಮ ಸೇರಿಸಿದೆ. ಸ್ಪರ್ಧೆಯ ತಿಂಗಳಲ್ಲಿ ನಮ್ಮ ಸಿಬ್ಬಂದಿ ವಾರಕ್ಕೆರಡು ಸಲ ಪ್ರತಿ ಮನೆಗೂ ಹೋಗಿ ಮೀಟರು ನೋಡಿ, ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು. ಸಿಬ್ಬಂದಿಯ ಮನೆಗಳನ್ನು ಸ್ಪರ್ಧೆಯಿಂದ ಹೊರಗಿಡಬೇಕು ಎಂಬ ನಿಯಮವನ್ನು ಮಾತ್ರ ಬರೆಯಲು ಮರೆತೆ.

ನಮ್ಮ ಬೀದಿಯೂ ಪಟ್ಟಿಯಲ್ಲಿತ್ತು. ಮೇಲಿನ ಮನೆ, ಕೆಳಗಿನ ಮನೆ ಎರಡೂ ಬೇರೆ ಬೇರೆ ಸ್ಪರ್ಧಿಗಳಾದವು. ಅತ್ತೆಗೆ ಬೋರ್ಡಿನ ವಿಷಯ ಹೇಳಿದಾಗ ಅವರು ತಕ್ಷಣ ಕೇಳಿದ್ದು ಒಂದೇ.

"ಬೋರ್ಡು ರೋಡಿಗೆ ಕಾಣೋ ಹಾಗೆ ಹಾಕ್ತಾರಾ?"

"ಗೇಟಿಗೇ ಹಾಕ್ತಾರೆ ಅತ್ತೆ."

"ನಿನ್ನ ಚಿಕ್ಕತ್ತೆ ಬರೋವಾಗ ಕಾಣುತ್ತಾ?"

"ಕಾಣದೆ ಏನು?"

 ಮರುದಿನ ಅತ್ತೆ ಗೇಟಿಗೆ ಜೋತುಬಿದ್ದಿದ್ದ ಬಳ್ಳಿಯನ್ನು ಕತ್ತರಿಸಿ ಜಾಗ ಮಾಡಿದ್ದರು. ಐವತ್ತು ವರ್ಷ ಜಿಪುಣಿ ಎನಿಸಿಕೊಂಡವರು ತಮ್ಮದು ಜಿಪುಣತನವಲ್ಲ ಎಂದು ಯಾರಾದರೂ ಬರೆದು ತಗುಲಿಹಾಕಲಿ ಎಂದು ಕಾಯುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ನಮ್ಮ ಮೇಲಿನ ಮನೆಯಲ್ಲಿ ಮಗಳ ಪರೀಕ್ಷೆ. ಓದುವ ಮಗು ಬೆವರಬಾರದೆಂದು ಅವಳ ಕೋಣೆಯಲ್ಲಿ ಎ.ಸಿ., ಮನೆಯಿಂದಲೇ ಕೆಲಸ ಮಾಡುವ ಗಂಡನ ಕೋಣೆಯಲ್ಲಿ ಇನ್ನೊಂದು ಎ.ಸಿ. ಏಪ್ರಿಲ್ ಬಂತು, ಮಗಳಿಗೆ ರಜೆ. ನಾವು ಮೂವರೂ ವಿಮಾನ ಹತ್ತಿ ಹಿಮ ನೋಡಲು ಹೋದೆವು. ಅಲ್ಲಿಂದ ಹಾಸನದ ನನ್ನ ತವರಿಗೆ ಹೋಗಿ ಮಾವಿನಹಣ್ಣು ತಿಂದು, ತಿಂಗಳ ಕೊನೆಗೆ ಬೆಂಗಳೂರಿಗೆ ಮರಳಿದೆವು. ಅಷ್ಟೂ ದಿನ ಮೇಲಿನ ಮನೆಗೆ ಬೀಗ.

ಮೇ ಮೊದಲ ವಾರ ಗೇಟಿನ ಮೇಲೆ ಹಸಿರು ಬೋರ್ಡು ಬಂತು.

ನಾನು ಆಫೀಸಿನಲ್ಲಿದ್ದೆ. ಅತ್ತೆಯ ಫೋನು. ಸಾಮಾನ್ಯವಾಗಿ ಅವರು ಮಿಸ್ಡ್ ಕಾಲ್ ಕೊಟ್ಟು ಸುಮ್ಮನಾಗುವವರು. ಅಂದು ತಾವೇ ಪೂರ್ತಿ ಮಾತಾಡಿದರು. "ಬೋರ್ಡು ಬಂತು ಕಣೇ. ಹಸಿರು ಬಣ್ಣ. ದೊಡ್ಡಕ್ಷರ. ನಿನ್ನ ಚಿಕ್ಕತ್ತೆಗೆ ಫೋನ್ ಮಾಡಿದೀನಿ, ಭಾನುವಾರ ಬಾ, ಗೇಟಲ್ಲಿ ಒಂದು ಬೋರ್ಡಿದೆ, ಓದ್ಕೊಂಡು ಒಳಗೆ ಬಾ ಅಂದೆ." ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಮಗಳು ಹುಟ್ಟಿದ ದಿನ ಕೇಳಿದ್ದೆ, ಆಮೇಲೆ ಕೇಳಿರಲಿಲ್ಲ. ನನಗೂ ಖುಷಿಯಾಯಿತು. ಸಂಜೆ ಮನೆಗೆ ಬಂದಾಗ ಬೋರ್ಡಿಗೆ ಮಲ್ಲಿಗೆ ಹಾರ ಹಾಕಿತ್ತು. ಹಾರ ಬೋರ್ಡಿನ ಕೆಳಗಿನ ಸಾಲನ್ನು ಮುಚ್ಚಿತ್ತು. ನಾನು ಸರಿಸಿ ನೋಡಲಿಲ್ಲ. ಸಂಶೋಧಕಿ ನಾನು, ಸರಿಸಿ ನೋಡುವುದೇ ನನ್ನ ಕಸುಬು, ಆದರೂ ನೋಡಲಿಲ್ಲ.

ಭಾನುವಾರ ಚಿಕ್ಕತ್ತೆ ಆಟೋ ಇಳಿದರು. ಅತ್ತೆ ಕಸೂತಿ ಸೀರೆ ಉಟ್ಟು ವರಾಂಡದಲ್ಲಿ ನಿಂತಿದ್ದರು. ಹಾರದ ಹೂವು ಅಷ್ಟರಲ್ಲಿ ಬಾಡಿ ಕೆಳಗಿಳಿದಿತ್ತು. ಚಿಕ್ಕತ್ತೆ ಕನ್ನಡಕ ಏರಿಸಿಕೊಂಡು ಗೇಟಿನ ಮುಂದೆ ನಿಂತು, ಬೋರ್ಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಅವರು ಏನನ್ನೂ ಅರ್ಧಕ್ಕೆ ಬಿಡುವವರಲ್ಲ.

"ಅಕ್ಕಾ, ಇಲ್ಲಿ ಕೆಳಗೆ ಮೊದಲನೇ ಮಹಡಿ ಅಂತ ಬರ್ದಿದೆಯಲ್ಲ? ಇದು ಮೇಲ್ಗಡೆ ಮನೇದಲ್ವಾ?"

ಅತ್ತೆ ಮೆಟ್ಟಿಲಿಳಿದು ಬಂದು ಓದಿದರು. ನಾನೂ ಓದಿದೆ. ಹಿಮ ನೋಡಲು ಹೋಗಿದ್ದ ಮನೆಗೆ ಬೋರ್ಡು ಬಂದಿತ್ತು.

ಚಿಕ್ಕತ್ತೆ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಇರ್ಲಿ ಬಿಡಿ ಅಕ್ಕಾ, ಸೊಸೆ ಮನೆ ಏನು, ನಿಮ್ಮನೆ ಏನು" ಎಂದು ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಹಲ್ಲು ಕಿರಿಯುವವರನ್ನು ಎದುರಿಸಬಹುದು, ಕನಿಕರಿಸುವವರನ್ನು ಏನು ಮಾಡುವುದು? ಅತ್ತೆ ಅಂದು ಮಾಡಿದ್ದ ಖಾರದ ಅವಲಕ್ಕಿಯನ್ನು ಮೂವರೂ ತಿಂದೆವು.

ಅವರು ಹೋದ ಮೇಲೆ ಅತ್ತೆ ಕೇಳಿದರು. "ನೀವು ಊರಲ್ಲೇ ಇರ್ಲಿಲ್ವಲ್ಲ, ನಿಮಗೆ ಹೇಗೆ ಬಂತು?"

"ಊರಲ್ಲಿ ಇರ್ಲಿಲ್ಲ ಅತ್ತೆ. ಅದಕ್ಕೇ ಬಂತು."

ಮರುದಿನ ಅವರ ಹೆಸರಿಗೆ ಒಂದು ಕಾಗದವೂ ಬಂತು. ತಮ್ಮ ಮನೆಯ ಬಳಕೆ ಸ್ಪರ್ಧೆಯ ತಿಂಗಳಲ್ಲಿ ಹೆಚ್ಚಾಗಿರುವುದು ಕಂಡುಬಂದಿದ್ದು, ತಾವು ಜಾಗೃತಿ ತರಬೇತಿಗೆ ಹಾಜರಾಗಬೇಕೆಂದು ಕೋರಿಕೆ. ಆ ಕಾಗದದ ಒಕ್ಕಣೆಯೂ ನನ್ನದೇ. 'ಕೋರಿಕೆ' ಎಂಬ ಪದವನ್ನು ನಾನೇ ಆರಿಸಿದ್ದೆ, ಮೃದುವಾಗಿರಲಿ ಎಂದು.

ಅತ್ತೆಯ ಮನೆಯಲ್ಲಿ ಬಳಕೆ ಹೆಚ್ಚಾಗುವುದೆಂದರೆ ನನಗೆ ನಂಬಲಾಗಲಿಲ್ಲ. ಆಫೀಸಿನಲ್ಲಿ ನಮ್ಮ ಬೀದಿಯ ಸಮೀಕ್ಷೆಗೆ ಹೋಗುತ್ತಿದ್ದವಳನ್ನು ಕೇಳಿದೆ. ವಸಂತಪುರದವಳು, ಎರಡು ಮಕ್ಕಳ ತಾಯಿ, ಕೆಲಸದಲ್ಲಿ ಚುರುಕು. ಪರಿಸರಕ್ಕೆ ಒಳ್ಳೆಯದೆಂದು ಸಂಸ್ಥೆ ಅವಳಿಗೆ ಒಂದು ಹಳೆಯ ಎಲೆಕ್ಟ್ರಿಕ್ ಸ್ಕೂಟರ್ ಕೊಟ್ಟಿತ್ತು. ಅದು ಸಾರಕ್ಕಿ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ತೆವಳಿ ನಮ್ಮ ಬೀದಿಗೆ ಬರುವಷ್ಟರಲ್ಲಿ ಬ್ಯಾಟರಿ ಮುಗಿದು ಉಸಿರು ನಿಲ್ಲಿಸುತ್ತಿತ್ತು.

"ನಿಮ್ಮತ್ತೆ ಎಷ್ಟು ಒಳ್ಳೆಯೋರು ಮೇಡಂ," ಎಂದು ಅವಳೇ ಶುರುಮಾಡಿದಳು. "ಫಸ್ಟ್ ದಿನ ಗಾಡಿ ನಿಂತೋಯ್ತು. ತಳ್ಕೊಂಡು ಹೋಗ್ತಿದ್ದೆ. ಅಮ್ಮ ನೋಡಿ, ಬಿಸಿಲಲ್ಲಿ ಎಲ್ಲಿಗೆ ತಳ್ತೀಯಮ್ಮ, ವರಾಂಡದಲ್ಲಿ ಪ್ಲಗ್ಗಿದೆ, ಚುಚ್ಚು ಅಂದ್ರು. ಆಮೇಲೆ ಪ್ರತಿ ಸಲಾನೂ ಅಲ್ಲೇ ಚಾರ್ಜ್ ಹಾಕ್ತಿದ್ದೆ. ಚಾರ್ಜ್ ಆಗೋವರೆಗೂ ಒಳಗೆ ಕೂರ್ಸಿ, ಫ್ಯಾನ್ ಹಾಕಿ, ಅಕ್ಕಿರೊಟ್ಟಿ ಕೊಡೋರು. ಚಟ್ನೀನ ಆಗಲೇ ರುಬ್ಬಿ ಕೊಡೋರು ಮೇಡಂ, ಬೆಳಗ್ಗೇದು ಕೊಡ್ತಿರ್ಲಿಲ್ಲ. ನನ್ನ ಟ್ಯಾಬೂ ಅಲ್ಲೇ ಚಾರ್ಜ್ ಮಾಡ್ಕೊತಿದ್ದೆ."

ಕೆಳಗಿನ ಹಜಾರದ ಕಿಟಕಿಗೆ ಪಕ್ಕದವರ ನಾಲ್ಕು ಮಹಡಿ ಅಡ್ಡ ನಿಂತಿದೆ, ಹಗಲಲ್ಲೂ ಕತ್ತಲು. ಅತ್ತೆ ತಮಗಾಗಿ ಎಂದೂ ಹಾಕದ ಟ್ಯೂಬ್‌ಲೈಟನ್ನು ಅವಳಿಗಾಗಿ ಹಾಕಿದ್ದರು. ತಾವು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುವ ಕೋಣೆಯಲ್ಲಿ ಅವಳಿಗಾಗಿ ಫ್ಯಾನು ತಿರುಗಿತ್ತು. ವಾರಕ್ಕೆರಡು ಸಲ, ನನ್ನ ನಿಯಮದ ಪ್ರಕಾರ. ಮೊದಲೇ ನೆಲ ಕಚ್ಚಿದ್ದ ಮೀಟರಿಗೆ ಅಷ್ಟು ಸಾಕಾಯಿತು. ಕರೆಂಟು ಉಳಿಸಲು ಹೇಳಲು ಹೋದ ನಮ್ಮ ಗಾಡಿ ಅತ್ತೆಯ ಮನೆಯಲ್ಲಿ ಕರೆಂಟು ಕುಡಿದು, ಅತ್ತೆಯೇ ಪೋಲು ಮಾಡಿದರೆಂದು ಬರೆದುಕೊಂಡು ಬಂದಿತ್ತು.

ನಿರ್ದೇಶಕರ ಬಳಿ ಹೋದೆ. ಅವರು ಎಲ್ಲ ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಗಾಡಿ ಬೇರೆ ಮನೆಗಳಲ್ಲೂ ಚಾರ್ಜ್ ಆಗಿರುತ್ತಲ್ವಾ?"

"ಆಗಿರ್ಬಹುದು ಸಾರ್."

"ಹಾಗಾದ್ರೆ ಇಡೀ ಡೇಟಾನೇ ಹೋಯ್ತು. ವರದಿ ಮುಂದಿನ ತಿಂಗಳು ಕೊಡ್ಬೇಕು. ಒಂದು ಮನೆ ಏರುಪೇರಾದ್ರೆ ಪಾಲಿಸಿ ನಿಲ್ಲಲ್ಲ ಮೇಡಂ. ನಿಮ್ಮತ್ತೇನೆ ತಾನೇ, ಮನೇಲಿ ಹೇಳಿ ಅಡ್ಜಸ್ಟ್ ಮಾಡ್ಕೊಳ್ಳಿ."

ನಾನು ಹೂಂ ಎಂದೆ. ಮಗಳ ಶಾಲೆಯ ಫೀಸು, ಎರಡು ಎ.ಸಿ.ಗಳ ಕಂತು, ಮುಂದಿನ ಯೋಜನೆಯ ಮುಖ್ಯಸ್ಥೆ ನಾನೇ ಆಗಬಹುದೆಂಬ ಆಸೆ, ಎಲ್ಲವೂ ಆ ಒಂದು 'ಹೂಂ'ನಲ್ಲಿದ್ದವು. ಹೊರಗೆ ಬಂದು ಕ್ಯಾಂಟೀನಿನಲ್ಲಿ ಕಾಫಿ ಕುಡಿದೆ. ನನಗೆ ನನ್ನ ಮೇಲೆ ಅಸಹ್ಯವಾಯಿತು, ಆದರೂ ಕಾಫಿ ಪೂರ್ತಿ ಕುಡಿದೆ.

ರಾತ್ರಿ ಊಟಕ್ಕೆ ಬಂದ ಅತ್ತೆಯನ್ನು ಸಮಾಧಾನ ಮಾಡಲು ಕೂತೆ. ಅವರ ತಪ್ಪೇನೂ ಇಲ್ಲ, ಸ್ಕೂಟರ್ ಚಾರ್ಜ್ ಮಾಡಿಸಿದ್ದು, ಫ್ಯಾನು ಹಾಕಿದ್ದು, ಚಟ್ನಿ ರುಬ್ಬಿದ್ದು, ಇವೇ ಕಾರಣ ಎಂದು ಬಿಡಿಸಿ ಹೇಳಿದೆ. ಸಮಾಧಾನ ಹೇಳುತ್ತಿದ್ದೇನೆಂದೇ ನಾನು ತಿಳಿದಿದ್ದೆ.

ಅವರು ತಟ್ಟೆಯನ್ನೇ ನೋಡುತ್ತಿದ್ದರು. "ಬಂದೋರಿಗೆ ಹಾಕಿದ ಫ್ಯಾನೂ ಲೆಕ್ಕಕ್ಕೆ ಬರುತ್ತಾ?"

"ಮೀಟರಿಗೆ ಬಂದೋರು, ಮನೆಯೋರು ಅಂತ ಗೊತ್ತಾಗಲ್ಲ ಅತ್ತೆ."

"ಈ ಲೆಕ್ಕ ಯಾರು ಬರ್ದಿದ್ದು?"

ಸುಳ್ಳು ಹೇಳಬಹುದಿತ್ತು. ನಿರ್ದೇಶಕರ ಮೇಲೆ ಹಾಕಿದ್ದರೆ ಮುಗಿಯುತ್ತಿತ್ತು.

"ನಾನೇ ಅತ್ತೆ."

ಅವರು ಜಗಳ ಮಾಡುತ್ತಾರೆಂದು ಕಾದೆ. ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆದರೆ ಅವರು ಕೈ ತೊಳೆದು ಬಂದು, "ನೀನಾ? ಓದಿದೋಳು ನೀನು. ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡು. ನಂಗೇ ತಿಳೀಲಿಲ್ಲ" ಎಂದರು. ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ನನ್ನ ಯಾವ ಕೆಲಸವನ್ನೂ ಸರಿ ಎನ್ನದಿದ್ದವರು ಈ ಒಂದನ್ನು ಸರಿ ಎಂದುಬಿಟ್ಟರು.

ತರಬೇತಿಗೆ ಹೋಗಬೇಡಿ ಎಂದೆ. ಕೇಳಲಿಲ್ಲ. ಸಮುದಾಯ ಭವನದ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಹಗಲನ್ನು ಹೊರಗಟ್ಟಿ, ಪರದೆಯ ಮೇಲೆ 'ಹಗಲಿನ ಬೆಳಕನ್ನು ಬಳಸಿ' ಎಂದು ತೋರಿಸುತ್ತಿದ್ದರಂತೆ. ತರಬೇತಿದಾರ ಅತ್ತೆಯ ಕಡೆ ತಿರುಗಿ, "ಆಂಟಿ, ರೂಮಿಂದ ಹೊರಗೆ ಹೋಗೋವಾಗ ಏನ್ ಮಾಡ್ಬೇಕು ಹೇಳಿ ನೋಡೋಣ" ಎಂದನಂತೆ. ಅತ್ತೆ ಎದ್ದು ನಿಂತು ಉತ್ತರ ಹೇಳಿದರಂತೆ, ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಅವರು ಮೊದಲ ಸಾಲಿನಲ್ಲಿ ಕೂತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ನಾನು ಆ ಪುಟಗಳನ್ನು ನೋಡಿದೆ. ಗುಂಡಗಿನ ಅಕ್ಷರ, ಒಂದು ತಪ್ಪಿಲ್ಲ.

ತರಬೇತಿಯ ಪರಿಣಾಮ ತಿಳಿಯಲು ಮೇ ಕೊನೆಗೆ ಇನ್ನೊಂದು ಭೇಟಿ ಇತ್ತು. ಅಂದು ನನಗೆ ನೆಗಡಿ, ಮನೆಯಲ್ಲಿದ್ದೆ. ಮೇಲಿನ ಬಾಲ್ಕನಿಯಿಂದ ನೋಡಿದೆ. ವಸಂತಪುರದವಳು ಸ್ಕೂಟರನ್ನು ತಳ್ಳಿಕೊಂಡೇ ಗೇಟಿನೊಳಗೆ ಬಂದಳು. ಮುಖವೆಲ್ಲ ಬೆವರು. ನಗುನಗುತ್ತಾ ಚಾರ್ಜರಿನ ವೈರನ್ನು ಹೊರಗೆಳೆಯುತ್ತಿದ್ದಳು. ಅತ್ತೆ ವರಾಂಡದ ಪ್ಲಗ್ಗಿಗೆ ಅಡ್ಡ ನಿಂತರು.

"ಇಲ್ಲಿ ಬೇಡಮ್ಮ. ಅದೇನು ಕೇಳ್ಬೇಕೋ ಇಲ್ಲೇ ಕೇಳು. ಹೇಳ್ತೀನಿ."

ಅವಳು ಗೊಂದಲದಲ್ಲಿ ವೈರನ್ನು ಮತ್ತೆ ಸುತ್ತಿಟ್ಟಳು. ಪ್ರಶ್ನಾವಳಿ ಉದ್ದ, ಅದೂ ನನ್ನದೇ. ಬಿಸಿಲಲ್ಲಿ ನಿಂತುಕೊಂಡೇ ಎಲ್ಲ ತುಂಬಿಸಿದಳು. ಅತ್ತೆ ಒಂದೊಂದಕ್ಕೂ ಒಂದೊಂದೇ ಮಾತಿನ ಉತ್ತರ ಕೊಟ್ಟರು. ನೀರು ಬೇಕಾ ಎಂದೂ ಕೇಳಲಿಲ್ಲ. ನೀರು ಕೊಟ್ಟರೆ ಕೂರಿಸಬೇಕಾಗುತ್ತದೆ, ಕೂರಿಸಿದರೆ ಫ್ಯಾನು ಹಾಕಬೇಕಾಗುತ್ತದೆ. ಅವಳು ಸ್ಕೂಟರ್ ತಳ್ಳಿಕೊಂಡು ಬೀದಿಯ ತಿರುವು ದಾಟುವವರೆಗೂ ಅತ್ತೆ ಗೇಟಿನ ಸರಳು ಹಿಡಿದು ನಿಂತಿದ್ದರು. ನಾನು ಕೆಳಗಿಳಿದು ಹೋದಾಗ ಅಡುಗೆಮನೆಯ ಕಟ್ಟೆಯ ಮೇಲೆ ಕಲಸಿಟ್ಟ ಅಕ್ಕಿಹಿಟ್ಟು ಹಾಗೇ ಇತ್ತು. ಅವಳು ಬರುತ್ತಾಳೆಂದು ಗೊತ್ತಿದ್ದು ಕಲಸಿದ್ದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಸರಿಯಾಗಿ ಮಾಡಿದ್ನಾ?" ಎಂದು ನನ್ನನ್ನೇ ಕೇಳಿದರು.

ವರದಿ ಸಮಯಕ್ಕೆ ಮುಗಿಯಿತು. ಎಲ್ಲ ಮನೆಗಳ ಪೈಕಿ ತರಬೇತಿಯ ನಂತರ ಅತಿ ಹೆಚ್ಚು ಇಳಿಕೆ ಕಂಡದ್ದು ಜಯನಗರದ ಒಂದು ನೆಲಮಹಡಿಯ ಮನೆ. ಕೋಷ್ಟಕದಲ್ಲಿ ಅದರ ಮುಂದೆ ಇಳಿಕೆಗೆ ಕಾರಣವೇನೆಂದು ಒಂದೇ ಪದದಲ್ಲಿ ಬರೆಯಬೇಕಿತ್ತು. ನಾನು 'ಜಾಗೃತಿ' ಎಂದು ಬರೆದೆ.